ಬಿಸಿಲು ಆನೆಯಿಂದ ಹತ್ತುತ್ತದೆ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಶ್ಚಿಮದ ಗೋಡೆಯಲ್ಲಿ ಬಿಸಿಲು ಕೆಳಗಿಂದ ಮೇಲಕ್ಕೆ ಹತ್ತುತ್ತದೆ. ಮಧ್ಯಾಹ್ನ ಮೊದಲು ತಳದ ಸಾಲಿನ ಆನೆಗಳ ಬೆನ್ನಿಗೆ ತಾಗುತ್ತದೆ. ಆಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಇಷ್ಟೂ ಸಾಲು ದಾಟಿ ಮೇಲಿನ ದೇವರ ಮುಖಕ್ಕೆ ಬರುವಷ್ಟರಲ್ಲಿ ಸಾಯಂಕಾಲವಾಗಿರುತ್ತದೆ. ಇದು ನನ್ನ ಕಣ್ಣಿಗೆ ಬೀಳೋಕೆ ಏಳು ತಿಂಗಳು ಹಿಡಿಯಿತು. ಏಳು ತಿಂಗಳು ಅದೇ ಗೋಡೆಯ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದೆ!

ನಾನು ಹಾಸನದವಳು. ಸಾಲಗಾಮೆ ರಸ್ತೆಯ ಹತ್ತಿರ ಒಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ ಮಾಡುತ್ತೇನೆ. ಹದಿನಾರು ವರ್ಷದಿಂದ ಇದೇ ಕೆಲಸ. ಕ್ಯಾಮೆರಾ ತಗೊಂಡಿದ್ದು ಕೂಡ ಬ್ಲೌಸಿಗಾಗಿಯೇ. ಮದುವೆ ಬ್ಲೌಸಿನ ಮೇಲೆ ನಾಲ್ಕು ದಿನ ಕೂತು ಮಣಿ, ಜರಿ ಹಾಕಿರುತ್ತೇನೆ. ಫೋನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಎಲ್ಲ ಚಪ್ಪಟೆಯಾಗಿ, ಬಟ್ಟೆ ಮೇಲೆ ಪ್ರಿಂಟ್ ಹಾಕಿಸಿದ ಹಾಗೆ ಕಾಣುತ್ತಿತ್ತು. ಬೇಜಾರಾಗುತ್ತಿತ್ತು. 2024ರ ಶುರುವಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾನನ್ 1300ಡಿ ತಗೊಂಡೆ. ಜೊತೆಗೆ ಬರುವ 18-55 ಲೆನ್ಸ್ ಇತ್ತು. ಆಮೇಲೆ ದುಡ್ಡು ಕೂಡಿಟ್ಟು 50 ಎಂಎಂ ಲೆನ್ಸ್ ಒಂದನ್ನು ಸೇರಿಸಿಕೊಂಡೆ.

ಹಳೇಬೀಡಿಗೆ ಮೊದಲ ಸಲ ಕ್ಯಾಮೆರಾ ತಗೊಂಡು ಹೋಗಿದ್ದು ಆ ವರ್ಷ ಯುಗಾದಿ ಕಳೆದ ಮೇಲೆ. ಹಾಸನದಿಂದ 30 ಕಿಲೋಮೀಟರ್ ಚಿಲ್ಲರೆ. ಬಸ್ ಸ್ಟ್ಯಾಂಡಿನಿಂದ ನೇರ ಬಸ್ಸಿದೆ. ಅವತ್ತು ಒಂದೇ ದಿನ 340 ಫೋಟೋ ತೆಗೆದೆ. ರಾತ್ರಿ ಮಗಳ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರೆ ಒಂದೂ ಮನಸ್ಸಿಗೆ ಹಿಡಿಸಲಿಲ್ಲ. ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ವಿಗ್ರಹಗಳು ಗೋಡೆಗೆ ಅಂಟಿಸಿದ ಕಾಗದದ ಹಾಗಿದ್ದವು. ಕೈಯಿಂದ ಮುಟ್ಟಬೇಕು ಅನ್ನಿಸುವ ಆ ಕೆತ್ತನೆ ಫೋಟೋದಲ್ಲಿ ಎಲ್ಲಿ ಹೋಯಿತು ಅಂತ ಅರ್ಥವಾಗಲಿಲ್ಲ. ಬ್ಲೌಸಿಗೆ ಆಗಿದ್ದೇ ಕಲ್ಲಿಗೂ ಆಗಿತ್ತು.

ನನ್ನ ಸೋದರಮಾವ ರೀಲ್ ಕಾಲದಲ್ಲಿ ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಮುಂದಿನ ಭಾನುವಾರ ಮನೆಗೆ ಬಂದಾಗ ತೋರಿಸಿದೆ. ಅವರು ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಏನೂ ಹೇಳಲಿಲ್ಲ. ಒಂದು ಫೋಟೋದ ಮೇಲೆ ಬೆರಳಿಟ್ಟು, "ಈ ಆನೆಗೆ ಬೆಳಕು ಯಾವ ಕಡೆಯಿಂದ ಬಂದಿದೆ ಹೇಳಮ್ಮ" ಅಂದರು. ನನಗೆ ಹೇಳೋಕೆ ಆಗಲಿಲ್ಲ. ಫೋಟೋ ತೆಗೆದವಳು ನಾನೇ, ಅಲ್ವಾ? ಆದರೂ ಗೊತ್ತಿರಲಿಲ್ಲ.

ಆಮೇಲೆ ಅವರು ತಮ್ಮ ಕಾಲದ ಮಾತು ಹೇಳಿದರು. ಒಂದು ರೋಲಿಗೆ 36 ಫೋಟೋ. ಮದುವೆ ಮನೆಯಲ್ಲಿ ಧಾರೆಗೆ ಇಷ್ಟು, ಆರತಕ್ಷತೆಗೆ ಇಷ್ಟು ಅಂತ ಮೊದಲೇ ಮನಸ್ಸಿನಲ್ಲಿ ಎಣಿಸಿಕೊಳ್ಳಬೇಕಿತ್ತಂತೆ. "ನೀನೂ ಹೋದಾಗ 36ಕ್ಕೆ ನಿಲ್ಲಿಸು. ಊರೆಲ್ಲ ಸುತ್ತಬೇಡ. ಒಂದು ಗೋಡೆ ಹಿಡಿ. ಎಷ್ಟು ಗಂಟೆಗೆ ತೆಗೆದೆ, ಬಿಸಿಲು ಎಲ್ಲಿತ್ತು, ಬರೆದಿಡು" ಅಂದರು. ಅಷ್ಟೇ ನನ್ನ ಪಾಠ. ಆ ಮೂರು ಮಾತನ್ನು ಒಂದು ವರ್ಷ ಬಿಡದೆ ಹಿಡಿದುಕೊಂಡೆ.

ಮಂಗಳವಾರ ನನ್ನ ಅಂಗಡಿಗೆ ರಜೆ. ಬೆಳಗ್ಗೆ ಅಡುಗೆ ಮುಗಿಸಿ, ಚಿತ್ರಾನ್ನವೋ ರೊಟ್ಟಿಯೋ ಡಬ್ಬಿಗೆ ಹಾಕಿಕೊಂಡು ಬಸ್ ಹತ್ತುತ್ತಿದ್ದೆ. ಎಲ್ಲ ಮಂಗಳವಾರವೂ ಆಗಲಿಲ್ಲ. ಮದುವೆ ಸೀಸನ್ನಿನಲ್ಲಿ ರಜೆಯ ದಿನವೂ ಮೆಷಿನ್ ಮುಂದೆ ಕೂರಬೇಕಾಗುತ್ತದೆ. ಒಟ್ಟು 31 ಸಲ ಹೋಗಿದ್ದೇನೆ. ಗಿರಾಕಿಗಳ ಅಳತೆ ಬರೆಯುವ ಪುಸ್ತಕ ಇರುತ್ತದಲ್ಲ, ಅಂಥದ್ದೇ ಇನ್ನೊಂದು ಪುಸ್ತಕ ಇದಕ್ಕೆ ಇಟ್ಟೆ. ಎದೆ, ತೋಳು, ಉದ್ದ ಬರೆಯುವ ಜಾಗದಲ್ಲಿ ತಾರೀಕು, ಗಂಟೆ, ಬಿಸಿಲು ಬಂದ ಕಡೆ.

ಮೊದಲು ಕಲಿತಿದ್ದು ಕಪ್ಪು ಕಲ್ಲಿನ ಲೆಕ್ಕ. ಅಲ್ಲಿಯದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಕಪ್ಪಾಗುತ್ತಾ ಹೋಗುತ್ತದೆ. ಅದಕ್ಕೇ ಅಷ್ಟು ನಯವಾದ ಕೆಲಸ ಸಾಧ್ಯವಾಯಿತು. ಆದರೆ ಕ್ಯಾಮೆರಾಗೆ ಇದು ಕಪ್ಪು ಕಲ್ಲು ಅಂತ ಗೊತ್ತಿಲ್ಲ. ಫ್ರೇಮ್ ತುಂಬ ಕಪ್ಪು ಕಂಡರೆ ಬೆಳಕು ಕಡಿಮೆಯಿದೆ ಅಂತ ತಿಳಿದು ಜಾಸ್ತಿ ಬೆಳಕು ತಗೊಳ್ಳುತ್ತದೆ. ಕಲ್ಲು ಬೂದಿಯಾಗುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ತಗೊಳ್ಳುವ ಬೆಳಕನ್ನು, ಮೈನಸ್ ಒಂದಕ್ಕೆ ಇಳಿಸಿದ ದಿನ ಮೊದಲ ಸಲ ಕಲ್ಲು ಕಲ್ಲಿನ ಬಣ್ಣದಲ್ಲಿ ಬಂತು. ಕಪ್ಪು ರೇಷ್ಮೆ ಬ್ಲೌಸಿಗೂ ಇದೇ ಲೆಕ್ಕ. ಬಿಳಿ ಬಟ್ಟೆಗೆ ಉಲ್ಟಾ, ಪ್ಲಸ್ ಕಡೆಗೆ ಹೋಗಬೇಕು.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಅದರ ವಿಷಯದಲ್ಲೂ ಹೀಗೇ ಆಯಿತು. 50 ಎಂಎಂ ಲೆನ್ಸನ್ನು 1.8ಕ್ಕೆ ಇಟ್ಟು ಹತ್ತಿರದಿಂದ ತೆಗೆದರೆ ಹಿಂದಿನದೆಲ್ಲ ಮಸುಕಾಗಿ ಚೆಂದ ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮನುಷ್ಯರಿಗೆ ಸರಿ. ಆನೆಯ ಸೊಂಡಿಲು ಸ್ಪಷ್ಟವಾಗಿ ಬಂದು ಕಿವಿ ಮಸುಕಾದರೆ ಏನು ಪ್ರಯೋಜನ? ಮೊಳದೂರದಲ್ಲಿ ನಿಂತಾಗ ಆ ಲೆನ್ಸಿಗೆ ಸ್ಪಷ್ಟವಾಗಿ ಸಿಗುವುದು ಎರಡು ಬೆರಳಿನ ಆಳವೂ ಇಲ್ಲ. ಕಂಡಿಯನ್ನು ಕಿರಿದು ಮಾಡಿ ಎಂಟಕ್ಕೆ ಇಟ್ಟು, ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕಾಗಿರಬೇಕು ಅನ್ನುವ ಐಎಸ್‌ಒವನ್ನು 400ಕ್ಕೆ ಇಟ್ಟು, ಉಸಿರು ಹಿಡಿದು ಒತ್ತುವುದನ್ನು ರೂಢಿ ಮಾಡಿಕೊಂಡೆ. ಅಲ್ಲಿ ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನನಗೆ ಕೈಯೇ ಸಾಕು. ಸೂಜಿಗೆ ದಾರ ಪೋಣಿಸುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುತ್ತೇವಲ್ಲ, ಹಾಗೇ ಹಿಡಿಯುತ್ತೇನೆ.

ಬೆಳಕಿನ ದಿಕ್ಕು ಮಾತ್ರ ಬೇಗ ತಲೆಗೆ ಹೋಗಲಿಲ್ಲ. ಅದನ್ನು ಕಲಿತಿದ್ದು ಅಡುಗೆಮನೆಯಲ್ಲಿ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಮಗಳು ಪಕ್ಕದಲ್ಲಿ ನಿಂತು ಫೋನಿನ ಟಾರ್ಚ್ ಹಿಡಿದಿದ್ದಳು. ಮೇಲಿಂದ ಹಿಡಿದಾಗ ರೊಟ್ಟಿ ಬರೀ ಬಿಳಿ. ಕೈ ಸೋತು ಅವಳು ಟಾರ್ಚನ್ನು ಕಟ್ಟೆಯ ಮೇಲೆ ಅಡ್ಡ ಇಟ್ಟಳು ನೋಡಿ, ರೊಟ್ಟಿಯ ಮೇಲೆ ನನ್ನ ಬೆರಳಿನ ಗುರುತುಗಳೆಲ್ಲ ಎದ್ದು ಕೂತವು! ಒಂದೊಂದು ಗುಳಿಯೂ ಕಾಣುತ್ತಿತ್ತು. ಒಲೆ ಆರಿಸಿ ಕ್ಯಾಮೆರಾ ತಂದೆ. ಆ ರೊಟ್ಟಿಯ ಸುತ್ತ ಟಾರ್ಚ್ ತಿರುಗಿಸಿ ತಿರುಗಿಸಿ 36 ಫೋಟೋ ತೆಗೆದೆ. ಅವತ್ತು ಊಟ ತಡವಾಯಿತು. ಮಗಳೇನೂ ಅನ್ನಲಿಲ್ಲ, ಕೊನೆಯ ತನಕ ಟಾರ್ಚ್ ಹಿಡಿದಳು.

ಹೊಲಿಗೆ ಸುಕ್ಕು ಬಿದ್ದಿದೆಯಾ ಅಂತ ನೋಡೋಕೆ ನಾನು ಬಟ್ಟೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿಯುತ್ತೇನೆ. ಹದಿನಾರು ವರ್ಷದಿಂದ ದಿನಾ ಮಾಡುವ ಕೆಲಸ. ಗೋಡೆಗೂ ಅದೇ ಬೇಕಿತ್ತು. ಬಟ್ಟೆಯನ್ನಾದರೆ ತಿರುಗಿಸಬಹುದು. ಗೋಡೆಯನ್ನು ತಿರುಗಿಸೋಕೆ ಆಗಲ್ಲ. ಬೆಳಕು ಓರೆಯಾಗುವ ತನಕ ಕಾಯಬೇಕು.

ಅಲ್ಲಿನ ಕಾವಲುಗಾರರೊಬ್ಬರು ಮೊದಮೊದಲು ನನ್ನನ್ನು ದೂರದಿಂದ ನೋಡುತ್ತಿದ್ದರು. ಐದಾರು ವಾರ ಆದಮೇಲೆ ಹತ್ತಿರ ಬಂದರು. "ಅಲ್ಲ ಕಣಕ್ಕ, ಬಂದವರೆಲ್ಲ ದೇವರ ಫೋಟೋ ತೆಗೀತಾರೆ. ನೀವು ಯಾವಾಗ ನೋಡಿದರೂ ಇದೇ ಆನೆ ಹತ್ರ ಕೂತಿರ್ತೀರಲ್ಲ?" ಅಂದರು. ಬಿಸಿಲು ಪಕ್ಕದಿಂದ ಬರೋದನ್ನು ಕಾಯ್ತಾ ಇದ್ದೀನಿ ಅಣ್ಣ ಅಂದೆ. ಅವರಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. "ಇನ್ನೂ ಹೊತ್ತಿದೆ. ಆನೆ ಬೆನ್ನಿಗೆ ಬಿಸಿಲು ಬಂದು, ಕುದುರೆ ಮುಟ್ಟಿತು ಅಂದ್ರೆ ನನ್ನ ಊಟದ ಹೊತ್ತು. ಆಗ ಚೆನ್ನಾಗಿ ಕಾಣ್ತದೆ" ಅಂದು ನೆರಳಿಗೆ ಹೋಗಿ ಕೂತರು.

ನಾನು ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ. ಆದರೆ ಅದರ ಅರ್ಥ ಪೂರ್ತಿ ತಿಳಿದಿದ್ದು ನವೆಂಬರಿನಲ್ಲಿ. ಅಲ್ಲಿ ಪ್ರತಿ ದೊಡ್ಡ ವಿಗ್ರಹದ ತಲೆಯ ಮೇಲೂ ಎಲೆ, ಬಳ್ಳಿಗಳ ಚಪ್ಪರ ಕೆತ್ತಿದ್ದಾರೆ. ಸೂರ್ಯ ಮೇಲಿದ್ದಾಗ ಆ ಚಪ್ಪರದ ನೆರಳು ನೇರ ಮುಖದ ಮೇಲೆ ಬೀಳುತ್ತದೆ. ತಳದ ಸಾಲುಗಳು ಮುಂದಕ್ಕೆ ಚಾಚಿಕೊಂಡಿರುವುದರಿಂದ ಮೊದಲ ಬಿಸಿಲು ಅವಕ್ಕೇ ಸಿಗುತ್ತದೆ. ಸೂರ್ಯ ಇಳಿದಂತೆಲ್ಲ ನೆರಳು ಮೇಲಕ್ಕೆ ಸರಿಯುತ್ತದೆ, ಬಿಸಿಲು ಅದರ ಹಿಂದೆಯೇ ಹತ್ತುತ್ತದೆ. ನಾನು ಏಪ್ರಿಲಿನಲ್ಲಿ ಹನ್ನೆರಡು ಗಂಟೆಗೆ ನಿಂತು ದೇವರ ಮುಖ ಕಪ್ಪಾಗಿ ಬಂತು ಅಂತ ಕೊರಗುತ್ತಿದ್ದೆನಲ್ಲ, ಆ ಹೊತ್ತಿನಲ್ಲಿ ಯಾರು ತೆಗೆದರೂ ಅದು ಹಾಗೇ ಬರುತ್ತದೆ. ಗಂಟೆ ತಪ್ಪಾಗಿತ್ತು, ಅಷ್ಟೆ.

ಉತ್ತರದ ಗೋಡೆ ನನ್ನನ್ನು ಇನ್ನೂ ಜಾಸ್ತಿ ಕಾಡಿಸಿತು. ಮೇ ತಿಂಗಳ ಒಂದು ಬೆಳಗ್ಗೆ ಏಳೂವರೆಗೆ ಅಲ್ಲಿ ಸಿಕ್ಕ ಬೆಳಕನ್ನು ನಾನು ಮರೆಯಲಾರೆ. ಪೂರ್ವದ ಕಡೆಯಿಂದ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ಸೊಂಟದ ಪಟ್ಟಿಯ ಒಂದೊಂದು ಮಣಿಗೂ ಒಂದೊಂದು ನೆರಳು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಅದೇ ಜಾಗ, ಅದೇ ಗಂಟೆ, ಅದೇ ಸೆಟ್ಟಿಂಗ್ ಇಟ್ಟುಕೊಂಡು ಹೋದೆ. ಗೋಡೆಗೆ ಬಿಸಿಲೇ ಇಲ್ಲ. ಎರಡು ವಾರ ಬಿಟ್ಟು ಮತ್ತೆ ಹೋದೆ. ಆಗಲೂ ಇಲ್ಲ. ಇಷ್ಟು ದಿನ ಕಲಿತಿದ್ದೆಲ್ಲ ಕೈಬಿಟ್ಟು ಹೋಯಿತಾ ಅಂತ ಹೆದರಿಕೆಯಾಯಿತು.

ಉತ್ತರ ಸಿಕ್ಕಿದ್ದು ನನ್ನ ಅಂಗಡಿಯಲ್ಲೇ. ಅಂಗಡಿಯ ಬಾಗಿಲು ಉತ್ತರಕ್ಕೆ. ಬಿಸಿಲು ಒಳಗೆ ಬರಲ್ಲ, ಬಟ್ಟೆ ಬಣ್ಣ ಮಾಸಲ್ಲ ಅಂತಲೇ ಆ ಜಾಗ ಹಿಡಿದಿದ್ದು. ಆದರೂ ಪ್ರತಿ ವರ್ಷ ಬೇಸಿಗೆಯಲ್ಲಿ ಬಾಗಿಲಿಗೆ ಪರದೆ ಕಟ್ಟುತ್ತೇನೆ, ಏಕೆಂದರೆ ಆ ತಿಂಗಳುಗಳಲ್ಲಿ ಬೆಳಗ್ಗೆ ಸಾಯಂಕಾಲ ಬಿಸಿಲು ಓರೆಯಾಗಿ ಒಳಗೆ ಬರುತ್ತದೆ. ಮೊದಲ ವರ್ಷ ಒಂದು ಗುಲಾಬಿ ರೇಷ್ಮೆ ಪೀಸ್ ಹಾಗೇ ಮಾಸಿ ನಷ್ಟವಾಗಿತ್ತು. ದೀಪಾವಳಿಗೆ ಮುಂಚೆ ಅಂಗಡಿ ಗುಡಿಸುವಾಗ ಮಡಿಸಿಟ್ಟ ಪರದೆ ಕೈಗೆ ಬಂತು. ಅದನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆ ಅಂತ ನನಗೆ ಹದಿನಾರು ವರ್ಷದಿಂದ ಗೊತ್ತಿತ್ತು!

ಆಮೇಲೆ ಕೂತು ಲೆಕ್ಕ ಹಾಕಿದೆ. ಮಾರ್ಚ್ 21ರ ಹೊತ್ತಿಗೆ ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುತ್ತಾನೆ. ಅಲ್ಲಿಂದ ದಿನದಿನವೂ ಉತ್ತರಕ್ಕೆ ಸರಿಯುತ್ತಾನೆ. ನಮ್ಮ ಕಡೆ ಏಪ್ರಿಲ್ 25ರ ಆಸುಪಾಸು ನಡುಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದು. ಅವತ್ತಿನಿಂದ ಆಗಸ್ಟ್ 18ರ ತನಕ ಇಡೀ ದಿನ ನೆತ್ತಿಗಿಂತ ಉತ್ತರದ ಕಡೆಗೇ ಇರುತ್ತಾನೆ. ಸೆಪ್ಟೆಂಬರ್ 23 ದಾಟಿದ ಮೇಲೆ ಉತ್ತರದ ಗೋಡೆಗೆ ನೇರ ಬಿಸಿಲಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಹೇಗೂ ಮಳೆ, ಮೋಡ. ಅಂದರೆ ಆ ಗೋಡೆಯನ್ನು ಓರೆ ಬಿಸಿಲಿನಲ್ಲಿ ಚೆನ್ನಾಗಿ ನೋಡೋಕೆ ವರ್ಷಕ್ಕೆ ಸಿಗುವುದು ಏಪ್ರಿಲ್, ಮೇ ತಿಂಗಳ ಬೆಳಗು, ಸಾಯಂಕಾಲಗಳು ಮಾತ್ರ. ದಕ್ಷಿಣದ ಗೋಡೆಗೆ ಚಳಿಗಾಲ. ದೇವಸ್ಥಾನದ ತಳಹದಿ ನಕ್ಷತ್ರದ ಆಕಾರದಲ್ಲಿರುವುದರಿಂದ ಗೋಡೆ ನೇರವಾಗಿ ಓಡುವುದಿಲ್ಲ, ಮಡಿಕೆ ಮಡಿಕೆಯಾಗಿ ತಿರುಗುತ್ತದೆ. ಒಂದು ಮಡಿಕೆಗೆ ಬಿಸಿಲು ಬಂದಾಗ ಪಕ್ಕದ್ದು ನೆರಳಿನಲ್ಲಿರುತ್ತದೆ. ಸೀರೆಯ ನೆರಿಗೆ ಹಾಗೆ. ಹತ್ತು ನಿಮಿಷ ಕಾದರೆ ಪಕ್ಕದ್ದಕ್ಕೆ ಬರುತ್ತದೆ.

1121ರ ಸುಮಾರಿಗೆ ಶುರುವಾದ ಕೆಲಸ ಅದು. ಎಷ್ಟೋ ವರ್ಷ ನಡೆದಿದೆ. ಅದನ್ನು ಕೆತ್ತಿದವರಿಗೆ ಬಿಸಿಲಿನ ಈ ಓಡಾಟ ಗೊತ್ತಿಲ್ಲದೇ ಇರುತ್ತಾ? ದಿನವಿಡೀ ಅದೇ ಬಿಸಿಲಲ್ಲಿ ಕೂತು ಉಳಿ ಹಿಡಿದವರು. ಗೊತ್ತಿತ್ತು ಅಂತಲೇ ನಾನು ನಂಬಿದ್ದೇನೆ.

ಮಳೆಗಾಲದಲ್ಲಿ ಸುಮ್ನೆ ಮನೆಯಲ್ಲಿ ಇರೋಣ ಅಂದುಕೊಂಡಿದ್ದೆ. ಜುಲೈನಲ್ಲಿ ಒಂದು ದಿನ ಮನಸ್ಸು ತಡೆಯದೆ ಹೋದೆ. ಸೋನೆ ಮಳೆ ಆಗಷ್ಟೇ ನಿಂತಿತ್ತು. ಒದ್ದೆ ಕಲ್ಲು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಮೋಡದ ಬೆಳಕಿಗೆ ನೆರಳು ಗಾಢವಾಗಿರುವುದಿಲ್ಲ. ಅದಕ್ಕೇ ಬಿಸಿಲಿನಲ್ಲಿ ಕತ್ತಲಲ್ಲಿ ಮುಳುಗುತ್ತಿದ್ದ ಮೂಲೆಗಳೆಲ್ಲ ತೆರೆದುಕೊಂಡಿದ್ದವು. ಬಳೆ, ಕಾಲ್ಗೆಜ್ಜೆ, ಸರದ ಕೊಂಡಿ ಇಂಥ ಸಣ್ಣ ಕೆಲಸಕ್ಕೆ ಈ ಬೆಳಕೇ ಒಳ್ಳೆಯದು. ಅವತ್ತು ಒಂದು ನರ್ತಕಿಯ ತೋಳಬಂದಿಯಿಂದ ಒಂದು ವಿನ್ಯಾಸ ಎತ್ತಿಕೊಂಡು ಬಂದು ಬ್ಲೌಸಿನ ತೋಳಿಗೆ ಹಾಕಿದೆ. ಇವತ್ತಿಗೂ ಅದಕ್ಕೆ ಆರ್ಡರ್ ಬರುತ್ತದೆ.

ಆ ಮಳೆಗಾಲ ಒಂದು ನಷ್ಟವನ್ನೂ ತಂದಿತು. ಕ್ಯಾಮೆರಾವನ್ನು ಬ್ಯಾಗಿನ ಸಮೇತ ಬೀರುವಿನಲ್ಲಿ ಇಡುತ್ತಿದ್ದೆ. ಆಗಸ್ಟ್ ಕೊನೆಗೆ 18-55 ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡವು. ಫಂಗಸ್. ನಮ್ಮ ಥಂಡಿಗೆ ಚಪ್ಪಲಿ, ಪುಸ್ತಕಕ್ಕೆ ಬೂಸಲು ಬರುವ ಹಾಗೆ ಲೆನ್ಸಿಗೂ ಬರುತ್ತದೆ. ಅವತ್ತು ಅತ್ತುಬಿಟ್ಟೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಬಣ್ಣ ಬದಲಾದಾಗ ಪೊಟ್ಟಣ ಬದಲಿಸುತ್ತೇನೆ. ಮಲೆನಾಡಿನ ಕಡೆ, ಸಕಲೇಶಪುರ, ಚಿಕ್ಕಮಗಳೂರಿನಲ್ಲಿ ಇದ್ದು ಕ್ಯಾಮೆರಾ ಇಟ್ಟುಕೊಂಡವರು ದಯವಿಟ್ಟು ಜೂನಿಗೆ ಮುಂಚೆಯೇ ಈ ಕೆಲಸ ಮಾಡಿ. ಬಟ್ಟೆಯ ಬ್ಯಾಗಿನಲ್ಲಿ, ಚರ್ಮದ ಕೇಸಿನಲ್ಲಿ ಇಡಲೇಬೇಡಿ.

ಡಿಸೆಂಬರಿನ ಒಂದು ಮಧ್ಯಾಹ್ನದ ಬಗ್ಗೆ ಹೇಳದೆ ಇರೋಕೆ ಆಗಲ್ಲ. ಎಷ್ಟೋ ಸಲ ನೋಡಿದ್ದ ಒಂದು ವಿಗ್ರಹ. ಬಿಸಿಲು ಅದರ ಪೀಠದ ಹತ್ತಿರ ಬಂದು ಓರೆಯಾದಾಗ ಅಲ್ಲಿ ಅಕ್ಷರ ಎದ್ದವು. ಅದಕ್ಕೆ ಮುಂಚೆ ಅಲ್ಲಿ ಬರೀ ಒರಟು ಕಲ್ಲು ಕಂಡಿತ್ತು ನನಗೆ. ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಬರೆಯುತ್ತಿದ್ದರು ಅಂತ ಓದಿದ್ದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನ ಹೆಸರುಗಳಿವೆ. ಓದಿದ್ದೇ ಬೇರೆ, ಬಿಸಿಲು ನನ್ನ ಕಣ್ಣೆದುರು ಒಂದೊಂದೇ ಅಕ್ಷರ ಎತ್ತಿ ತೋರಿಸಿದ್ದೇ ಬೇರೆ. ಹತ್ತು ನಿಮಿಷ ಇತ್ತು. ಆಮೇಲೆ ಬೆಳಕು ನೇರವಾಯಿತು, ಅಕ್ಷರ ಮತ್ತೆ ಕಲ್ಲಿನೊಳಗೆ ಹೋದವು. ನಮ್ಮ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ಫೋಟೋ ತೋರಿಸಿದೆ. ಭೂತಗನ್ನಡಿ ಹಿಡಿದು ಎರಡು ಮೂರು ಅಕ್ಷರ ಗುರುತಿಸಿದರು. ಉಳಿದದ್ದು ಸವೆದಿತ್ತು. ಪೂರ್ತಿ ಹೆಸರು ಸಿಗಲಿಲ್ಲ. ಆ ಫೋಟೋವನ್ನು ನನ್ನ ಮೆಷಿನ್ ಎದುರಿನ ಗೋಡೆಗೆ ಹಾಕಿದ್ದೇನೆ. ನಾನೂ ಬ್ಲೌಸಿನ ಒಳಗಡೆ, ಕಂಕುಳಿನ ಹೊಲಿಗೆಯ ಹತ್ತಿರ ನನ್ನದೊಂದು ಸಣ್ಣ ಗುರುತು ಹಾಕುತ್ತೇನೆ. ಅದು ಯಾರಿಗೂ ಕಾಣುವುದಿಲ್ಲ.

31 ಸಲ ಹೋಗಿದ್ದರಲ್ಲಿ ಸಾವಿರದ ಮೇಲೆ ಫೋಟೋ ಆಗಿವೆ. ಇಟ್ಟುಕೊಂಡಿದ್ದು 19. ಪ್ರಿಂಟ್ ಹಾಕಿಸಿದ್ದು ಆರು. ಮೊದಲ ಸಲ ಹಾಕಿಸಿದ ಪ್ರಿಂಟುಗಳು ತೀರ ಕಪ್ಪಾಗಿ ಬಂದವು. ಲ್ಯಾಪ್‌ಟಾಪಿನ ಬೆಳಕು ಜಾಸ್ತಿ ಇಟ್ಟುಕೊಂಡು ನೋಡಿದ್ದರಿಂದ ಹಾಗಾಯಿತು. ಬೆಳಕು ಅರ್ಧಕ್ಕೆ ಇಳಿಸಿ, ಮತ್ತೆ ಸರಿಮಾಡಿ ಎರಡನೇ ಸಲ ಹಾಕಿಸಿದೆ.

ಮಾರ್ಚಿನಲ್ಲಿ ಆ ಕಾವಲುಗಾರರಿಗೆ ಒಂದು ಪ್ರಿಂಟ್ ತಗೊಂಡು ಹೋದೆ. ಆನೆಯಿಂದ ಕುದುರೆ ಸಾಲಿನ ತನಕ ಬಿಸಿಲು ಇದೆ, ಮೇಲಿನದೆಲ್ಲ ಇನ್ನೂ ನೆರಳು. ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತುದಿಗಳನ್ನು ಮಾತ್ರ ಹಿಡಿದುಕೊಂಡರು. ಬಹಳ ಹೊತ್ತು ನೋಡಿದರು.

"ಇದು ಚಳಿಗಾಲದ್ದು ಕಣಕ್ಕ" ಅಂದರು. "ನೆರಳು ಎಡಕ್ಕೆ ಬಿದ್ದದೆ ನೋಡಿ. ಸಂಕ್ರಾಂತಿ ಆದಮೇಲಿಂದು. ಬಿಸಿಲು ಕುದುರೆಗೆ ಬಂದದೆ. ನಾನು ಊಟಕ್ಕೆ ಎದ್ದಿರ್ತೀನಿ ಆಗ."

ಬ್ಯಾಗಿನಿಂದ ಅಳತೆ ಪುಸ್ತಕ ತೆಗೆದು ಹುಡುಕಿದೆ. ಜನವರಿ 21, ಮಧ್ಯಾಹ್ನ 2 ಗಂಟೆ 40 ನಿಮಿಷ. ಬಿಸಿಲು ಬಲಗಡೆಯಿಂದ.